ಹಿರಿಯರ ಮನೆಯ ಕರೆಂಟ್ ಬಿಲ್: ಈಗಿರುವ ಕಾನೂನಿನಲ್ಲಿ ಪಡೆಯುವುದು ಹೇಗೆ, ಹೊಸದನ್ನು ಕೇಳುವುದು ಎಲ್ಲಿ

ಕರ್ನಾಟಕದಲ್ಲಿ 60 ದಾಟಿದವರಿಗೆಂದು ಬೇರೆ ವಿದ್ಯುತ್ ದರವಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹಿರಿಯ ನಾಗರಿಕರಿಗೆ ಟಿಕೆಟ್ ರಿಯಾಯಿತಿ ಇದೆ, ಬ್ಯಾಂಕಿನಲ್ಲಿ ಠೇವಣಿಗೆ ತುಸು ಹೆಚ್ಚು ಬಡ್ಡಿ ಇದೆ. ಕರೆಂಟಿಗೂ ಹಾಗೇ ಏನಾದರೂ ಇರಬೇಕೆಂದು ಹಿರಿಯರ ಗುರುತಿನ ಚೀಟಿ ಹಿಡಿದು ಕೆಇಬಿ ಆಫೀಸಿಗೆ ಹೋದವರು ಬರಿಗೈಲಿ ಬರುತ್ತಾರೆ. ಹಾಗೆಂದು ದಾರಿಯೇ ಇಲ್ಲವೆಂದಲ್ಲ. ವಯಸ್ಸನ್ನು ನೋಡದ ಗೃಹ ಜ್ಯೋತಿ ಯೋಜನೆಯಲ್ಲಿ ಹಿರಿಯರ ಪುಟ್ಟ ಸಂಸಾರ ಪೂರ್ತಿ ಉಚಿತವಾಗಿ ನಡೆಯಬಹುದು. ಕೇಂದ್ರದ ನಿಯಮಗಳಲ್ಲಿ ಹಿರಿಯರ ಹೆಸರೆತ್ತಿ ಕೊಟ್ಟ ಹಕ್ಕೊಂದಿದೆ, ಅದನ್ನು ಕೇಳುವವರು ಕಡಿಮೆ. ಇನ್ನು ವಯಸ್ಸನ್ನೇ ಆಧಾರವಾಗಿಟ್ಟು ರಿಯಾಯಿತಿ ಬೇಕೆಂದರೆ ಅದನ್ನು ಕೊಡುವ ಅಧಿಕಾರ ಯಾರಿಗಿದೆಯೋ ಅವರನ್ನೇ ಕೇಳಬೇಕು. ಹೆಚ್ಚಿನ ಮನವಿಗಳು ಸೋಲುವುದು ತಪ್ಪು ವಿಳಾಸಕ್ಕೆ ಹೋಗಿ.

ಇಲ್ಲಿರುವುದು ಹಾಸನ ಜಿಲ್ಲೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದ ಕ್ರಮ. ಹಾಸನಕ್ಕೆ ವಿದ್ಯುತ್ ಕೊಡುವುದು ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಪಕ್ಕದ ಚಿಕ್ಕಮಗಳೂರು ಮಂಗಳೂರಿನ ಮೆಸ್ಕಾಂ ವ್ಯಾಪ್ತಿಗೆ ಸೇರುತ್ತದೆ. ಬೇಲೂರಿನವರು ಒಂದು ಕಂಪನಿಗೆ, ಮೂಡಿಗೆರೆಯವರು ಇನ್ನೊಂದಕ್ಕೆ ಅರ್ಜಿ ಕೊಡಬೇಕಾದರೂ ಕಾನೂನು ಮತ್ತು ದರ ಎರಡೂ ಕಡೆ ಒಂದೇ. ಸಹಾಯವಾಣಿಯೂ ಒಂದೇ, 1912.

ಮೊದಲ ಕೆಲಸ: ಬಿಲ್ಲನ್ನು ಓದುವುದು

ಬಿಲ್ಲಿನ ಒಟ್ಟು ಮೊತ್ತ ನೋಡಿ ಎತ್ತಿಡುವುದು ರೂಢಿ. ಆದರೆ ಎಲ್ಲಿ ಉಳಿಸಬಹುದು ಎಂಬುದು ಒಳಗಿನ ಸಾಲುಗಳಲ್ಲಿರುತ್ತದೆ. ಹುಡುಕಬೇಕಾದ್ದು ಇವು: ಆರ್.ಆರ್. ನಂಬರ್, ಅಕೌಂಟ್ ಐಡಿ, ಮಂಜೂರಾದ ಲೋಡ್ (ಒಮ್ಮೆಗೆ ಎಳೆಯಲು ಅನುಮತಿ ಇರುವ ವಿದ್ಯುತ್) ಎಷ್ಟು ಕಿಲೋವಾಟ್, ಹಿಂದಿನ ಮತ್ತು ಈಗಿನ ರೀಡಿಂಗ್, ಎಷ್ಟು ದಿನದ ಬಿಲ್, ಗೃಹ ಜ್ಯೋತಿಯ ಅರ್ಹ ಯೂನಿಟ್ ಎಷ್ಟು.

ಗೃಹಬಳಕೆಗೆ ಈಗ ಮೊದಲಿನ ಹಾಗೆ ಹಂತಹಂತದ ದರವಿಲ್ಲ, ಎಲ್ಲ ಯೂನಿಟ್‌ಗೂ ಒಂದೇ ದರ. 2025-26ಕ್ಕೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡಿದ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಪ್ರತಿ ಕಿಲೋವಾಟ್ ಲೋಡ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ, ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ, ಬಳಕೆಯ ಮೊತ್ತದ ಮೇಲೆ ಶೇ 9 ವಿದ್ಯುತ್ ತೆರಿಗೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಇನ್ನೊಂದು ಸಾಲು ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಈ ನಾಲ್ಕೈದು ಸಾಲುಗಳನ್ನು ಬೇರೆಬೇರೆಯಾಗಿ ನೋಡುವುದು ಅಗತ್ಯ, ಏಕೆಂದರೆ ಒಂದೊಂದನ್ನೂ ಇಳಿಸುವ ದಾರಿ ಬೇರೆ. ಯೂನಿಟ್ ಇಳಿಯುವುದು ಮನೆಯೊಳಗೆ, ನಿಗದಿತ ಶುಲ್ಕ ಇಳಿಯುವುದು ಲೋಡ್ ಕಡಿಮೆ ಮಾಡಿಸಿದರೆ, ತೆರಿಗೆ ಇಳಿಯುವುದು ವಿಧಾನಸಭೆ ಮನಸ್ಸು ಮಾಡಿದರೆ.

ಎರಡನೆಯದು: ಗೃಹ ಜ್ಯೋತಿ ಇದೆಯೇ, ಸರಿಯಾಗಿದೆಯೇ

ಈ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಯಲ್ಲಿದೆ. ತಿಂಗಳಿಗೆ 200 ಯೂನಿಟ್ ಉಚಿತ ಎಂದು ಜನ ಅಂದುಕೊಂಡಿರುವುದು ಅರ್ಧ ನಿಜ. ಪ್ರತಿ ಮನೆಗೂ ಅದರದ್ದೇ ಮಿತಿ ಇದೆ. 2022-23ರ ಹನ್ನೆರಡು ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದರೆ ಬರುವುದೇ ಅರ್ಹ ಯೂನಿಟ್. ಸರಾಸರಿ 90 ಇದ್ದ ಮನೆಗೆ 99. ತೀರಾ ಕಡಿಮೆ ಬಳಸುವವರಿಗೆ ಶೇ 10 ಅಂದರೆ ಏನೂ ಅಲ್ಲದ್ದರಿಂದ 2024ರ ಜನವರಿಯಲ್ಲಿ ಸಂಪುಟ ನಿರ್ಧಾರವಾಗಿ, ಸರಾಸರಿ 48 ಯೂನಿಟ್ ಒಳಗಿದ್ದವರಿಗೆ ಶೇಕಡಾವಾರಿನ ಬದಲು ನೇರ 10 ಯೂನಿಟ್ ಸೇರಿಸಲಾಯಿತು. ಸರಾಸರಿ 30 ಇದ್ದ ಒಂಟಿ ಅಜ್ಜಿಯ ಮನೆಗೆ ಈಗ 33 ಅಲ್ಲ, 40. ಹಳೆಯ ಲೆಕ್ಕವಿಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53ಕ್ಕೆ ಶೇ 10 ಸೇರಿಸಿ 58.

ಬಳಕೆ ಅರ್ಹ ಮಿತಿಯೊಳಗಿದ್ದರೆ ಶೂನ್ಯ ಬಿಲ್. ಮಿತಿ ದಾಟಿಯೂ 200ರ ಒಳಗಿದ್ದರೆ ಹೆಚ್ಚಿಗೆ ಬಳಸಿದ್ದಕ್ಕೆ ಮಾತ್ರ ದುಡ್ಡು. 99 ಅರ್ಹತೆಯ ಮನೆ 113 ಬಳಸಿದರೆ 14 ಯೂನಿಟ್‌ನ ಬಿಲ್. 200 ದಾಟಿದರೆ ಆ ತಿಂಗಳು ಯೋಜನೆಯೇ ಇಲ್ಲ, ಮೊದಲ ಯೂನಿಟ್‌ನಿಂದ ಪೂರ್ತಿ ಕಟ್ಟಬೇಕು.

ನೋಂದಣಿ ಆಗದಿದ್ದರೆ ಗ್ರಾಮ ಒನ್, ಕರ್ನಾಟಕ ಒನ್, ನಾಡಕಚೇರಿ ಅಥವಾ ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಸೇವಾ ಸಿಂಧು ಪೋರ್ಟಲ್ ಮೂಲಕ ಮಾಡಿಸಬಹುದು. ಬೇಕಾದ್ದು ಆಧಾರ್, ಬಿಲ್ಲಿನ ಅಕೌಂಟ್ ಐಡಿ, ಆಧಾರ್‌ಗೆ ಜೋಡಿಸಿದ ಮೊಬೈಲ್. ಬಾಡಿಗೆ ಮನೆಯಾದರೆ ಕರಾರುಪತ್ರ ಅಥವಾ ಆ ವಿಳಾಸದ ಮತದಾರರ ಚೀಟಿ.

ಹಿರಿಯರ ಮನೆಗಳಲ್ಲಿ ಇದು ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅರ್ಹತೆ ಇದ್ದೂ ಬಿಲ್ ಕಟ್ಟುತ್ತಿರುವವರು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ.

ಒಟಿಪಿ ಬರುವ ಮೊಬೈಲ್ ಬೆಂಗಳೂರಿನಲ್ಲಿರುವ ಮಗನದ್ದೋ, ನಿಂತುಹೋದ ಹಳೆಯ ಸಿಮ್ಮಿನದ್ದೋ ಆಗಿರುತ್ತದೆ. ಇದನ್ನು ಗ್ರಾಮ ಒನ್‌ನಲ್ಲಿ ವಾದ ಮಾಡಿ ಬಗೆಹರಿಸಲಾಗುವುದಿಲ್ಲ. ಮೊದಲು ಆಧಾರ್ ಕೇಂದ್ರದಲ್ಲಿ ಈಗಿನ ನಂಬರ್ ಜೋಡಿಸಿ, ಆಮೇಲೆ ನೋಂದಣಿಗೆ ಹೋಗಿ. ವಯಸ್ಸಾದವರ ಬೆರಳಚ್ಚು ಸವೆದು ಯಂತ್ರ ಹಿಡಿಯದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡಿ ಎಂದು ಕೇಳಿ.

ಆರ್.ಆರ್. ನಂಬರ್ ತೀರಿಕೊಂಡ ಯಜಮಾನರ ಹೆಸರಿನಲ್ಲೇ ಇರುವುದು ಸಾಮಾನ್ಯ. ಗೃಹ ಜ್ಯೋತಿಗೆ ಬಿಲ್ಲಿನ ಹೆಸರೂ ಆಧಾರ್ ಹೆಸರೂ ಒಂದೇ ಇರಬೇಕೆಂದಿಲ್ಲ, ಮನೆಯಲ್ಲಿ ವಾಸವಿರುವವರು ತಮ್ಮ ಆಧಾರ್ ಕೊಡಬಹುದು. ಆದರೆ ಯಜಮಾನರ ಆಧಾರ್‌ನಲ್ಲೇ ನೋಂದಣಿ ಆಗಿದ್ದು ಅವರು ತೀರಿಕೊಂಡಿದ್ದರೆ ಆ ಜೋಡಣೆ ಬಿಡಿಸಿ ಪತ್ನಿಯ ಆಧಾರ್ ಸೇರಿಸುವುದು ಒಳ್ಳೆಯದು. ಜೊತೆಗೇ ಸಂಪರ್ಕವನ್ನೂ ಅವರ ಹೆಸರಿಗೆ ವರ್ಗಾಯಿಸಿಬಿಡಿ. ಅದಕ್ಕೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಮನೆಯ ಖಾತೆ ಅಥವಾ ಇ-ಸ್ವತ್ತು, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಹಿಂದೆ ಕಟ್ಟಿದ ಭದ್ರತಾ ಠೇವಣಿಯೂ ಹೊಸ ಹೆಸರಿಗೆ ಬರುವಂತೆ ಅರ್ಜಿಯಲ್ಲೇ ಬರೆಯಿರಿ. ಆ ಠೇವಣಿಗೆ ಬಡ್ಡಿ ಕೊಡಬೇಕೆಂದು ವಿದ್ಯುಚ್ಛಕ್ತಿ ಕಾಯ್ದೆಯ 47ನೇ ಕಲಮೇ ಹೇಳುತ್ತದೆ.

ಮನೆ ಬದಲಾಯಿಸಿದಾಗ ಹಳೆಯ ಮನೆಯ ಜೋಡಣೆ ಹಾಗೇ ಉಳಿದಿರುತ್ತದೆ. ಒಂದು ಆಧಾರ್‌ಗೆ ಒಂದೇ ಸಂಪರ್ಕ, ಹಾಗಾಗಿ ಹೊಸ ಮನೆಗೆ ಅರ್ಜಿ ಹೋಗುವುದಿಲ್ಲ. ಪೋರ್ಟಲ್‌ನಲ್ಲಿ ಡಿ-ಲಿಂಕ್ ಸೌಲಭ್ಯವಿದೆ. ಅದನ್ನು ಮುಗಿಸಿ ಹೊಸ ಅಕೌಂಟ್ ಐಡಿಗೆ ಜೋಡಿಸಿ. ಅಪ್ಪ-ಅಮ್ಮನನ್ನು ಮಗನ ಮನೆಗೆ ಕರೆತಂದ ಸಂಸಾರಗಳು ಇದನ್ನು ಮರೆಯುತ್ತವೆ.

ಇನ್ನು ಸಕಲೇಶಪುರ, ಆಲೂರು ಕಡೆಯ ಎಸ್ಟೇಟುಗಳ ಲೈನ್ ಮನೆಗಳು. ಹತ್ತು ಮನೆಗೆ ಒಂದೇ ಮೀಟರ್, ಅದೂ ಮಾಲೀಕರ ಹೆಸರಿನಲ್ಲಿ ಇದ್ದರೆ ಅಲ್ಲಿರುವ ವಯಸ್ಸಾದ ಕಾರ್ಮಿಕರಿಗೆ ಯೋಜನೆ ತಲುಪುವುದೇ ಇಲ್ಲ. ಮನೆಗೊಂದು ಗೃಹಬಳಕೆ ಮೀಟರ್ ಹಾಕಿಸುವುದೊಂದೇ ಪರಿಹಾರ, ಅದಕ್ಕೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಹಾಗೆಯೇ ಮುಂದಿನ ಕೋಣೆಯಲ್ಲಿ ಚಿಲ್ಲರೆ ಅಂಗಡಿ ಇಟ್ಟು ಮನೆ ಮೀಟರಿನಲ್ಲೇ ನಡೆಸುತ್ತಿದ್ದರೆ ತಪಾಸಣೆಯಲ್ಲಿ ಸಿಕ್ಕಾಗ ಅದೇ ಕಾಯ್ದೆಯ 126ನೇ ಕಲಮಿನಡಿ ದಂಡ ಬೀಳುತ್ತದೆ. ಅಂಗಡಿಗೆ ಬೇರೆ ಮೀಟರ್ ಹಾಕಿಸಿ, ಮನೆಯದ್ದನ್ನು ಉಚಿತವಾಗಿ ಉಳಿಸಿಕೊಳ್ಳುವುದೇ ಲಾಭ.

ಮೂರನೆಯದು: 200ರ ಗೆರೆ ಕಾಯುವುದು

ಈ ಯೋಜನೆಯಲ್ಲಿ ಹಿರಿಯರಿಗೆ ಹೆಚ್ಚು ಪೆಟ್ಟು ಕೊಡುವುದು ಇದೇ ಗೆರೆ. 2025-26ರ ದರದಲ್ಲಿ 2 ಕಿಲೋವಾಟ್ ಲೋಡಿನ ಮನೆ 201 ಯೂನಿಟ್ ಬಳಸಿತು ಎನ್ನಿ. ಬಳಕೆಗೆ 1,165.80, ನಿಗದಿತ ಶುಲ್ಕ 290, ಪಿಂಚಣಿ ಬಾಬ್ತು 72.36, ತೆರಿಗೆ 104.92. ಇಂಧನ ಹೊಂದಾಣಿಕೆಯ ಸಾಲನ್ನು ಬಿಟ್ಟು ಒಟ್ಟು 1,633 ರೂಪಾಯಿ. 65 ದಾಟಿದವರಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200. ಒಂದೇ ಒಂದು ಯೂನಿಟ್ ಹೆಚ್ಚಾದರೆ ತಿಂಗಳ ಪಿಂಚಣಿ ಪೂರ್ತಿ ಹೋಗಿ ಇನ್ನೂ ನಾನೂರು ಸಾಲುವುದಿಲ್ಲ.

ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಬಂದ ತಿಂಗಳು, ಚಳಿಗೆ ಗೀಸರ್ ಹೆಚ್ಚು ಓಡಿದ ತಿಂಗಳು ಇದು ಆಗುವುದು. ಕಾಯುವ ಕ್ರಮ ಸುಲಭ. ಮೀಟರ್ ರೀಡರ್ ಬಂದ ದಿನದ ರೀಡಿಂಗ್ ಕ್ಯಾಲೆಂಡರಿನಲ್ಲಿ ಬರೆಯಿರಿ. 20ನೇ ದಿನ ಮತ್ತೆ ನೋಡಿ. ದಿನಕ್ಕೆ ಸರಾಸರಿ 6.66 ಯೂನಿಟ್ ಒಳಗಿರಬೇಕಾದ್ದರಿಂದ ಆ ದಿನಕ್ಕೆ 133 ದಾಟಿರಬಾರದು. ದಾಟಿದ್ದರೆ ಉಳಿದ ಹತ್ತು ದಿನ ಬಿಸಿನೀರಿನ ಕಡೆ ಕೈ ಬಿಗಿ ಹಿಡಿಯಬೇಕು.

ಬಿಸಿನೀರೇ ಏಕೆಂದರೆ ಹಿರಿಯರ ಮನೆಯಲ್ಲಿ ದೊಡ್ಡ ಬಾಯಿ ಅದೇ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 42ಕ್ಕೆ ಕಾಯಿಸಲು ಅರ್ಧ ಯೂನಿಟ್ ಬೇಕು. ಇಬ್ಬರ ಸ್ನಾನಕ್ಕೆ ದಿನಕ್ಕೆ ಒಂದು, ತಿಂಗಳಿಗೆ 30. ಗೀಸರನ್ನು ದಿನವಿಡೀ ಆನ್ ಇಟ್ಟರೆ, ಅದು ಹಳೆಯದಾದರೆ, ತಾನಾಗಿ ತಣಿದು ಮತ್ತೆ ಕಾಯುವುದರಲ್ಲೇ ದಿನಕ್ಕೆ ಇನ್ನೊಂದು ಯೂನಿಟ್ ಹತ್ತಿರ ಹೋಗುತ್ತದೆ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ನೀರು ತೆಗೆಯುವ ಮೊದಲೇ ಆರಿಸಿ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆ, ಹಂಡೆ ಇನ್ನೂ ಇದ್ದರೆ ಬಹಳ ಒಳ್ಳೆಯದು, ಆದರೆ ಸೌದೆ ಎತ್ತುವ, ಬಗ್ಗಿ ಊದುವ ಕಷ್ಟವನ್ನು ಬಿಲ್ ಉಳಿಸಲೆಂದು 75 ದಾಟಿದವರ ಮೇಲೆ ಹಾಕಬೇಡಿ. ಒದ್ದೆ ಬಚ್ಚಲಲ್ಲಿ ಬಕೆಟ್ಟಿಗೆ ಕಾಯಿಲ್ ಇಳಿಬಿಡುವುದಂತೂ ಬೇಡವೇ ಬೇಡ.

ಉಳಿದದ್ದರಲ್ಲಿ ಫ್ಯಾನು ಮತ್ತು ಟ್ಯೂಬ್‌ಲೈಟ್ ನೋಡಿದರೆ ಸಾಕು. ಹಳೆಯ 75 ವಾಟ್ ಫ್ಯಾನ್ ದಿನಕ್ಕೆ 12 ಗಂಟೆಯಂತೆ ತಿಂಗಳಿಗೆ 27 ಯೂನಿಟ್ ತಿನ್ನುತ್ತದೆ. ಹೊಸ ಬಗೆಯ ಮೋಟಾರಿರುವ 30 ವಾಟಿನ ಬಿಎಲ್‌ಡಿಸಿ ಫ್ಯಾನ್ 11ರಲ್ಲಿ ಮುಗಿಸುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಬಯಲಲ್ಲಿ ಇದು ದೊಡ್ಡ ಉಳಿತಾಯ. ಫ್ಯಾನನ್ನು ಅಪರೂಪಕ್ಕೆ ತಿರುಗಿಸುವ ಸಕಲೇಶಪುರದ ಮನೆಗೆ ಆ ಖರ್ಚು ಗಿಟ್ಟುವುದಿಲ್ಲ. ಚೋಕ್ ಇರುವ ಹಳೆಯ ಟ್ಯೂಬ್ ಸುಮಾರು 55 ವಾಟ್, ಎಲ್‌ಇಡಿ ಟ್ಯೂಬ್ 20.

ನಾಲ್ಕನೆಯದು: ಲೋಡ್ ಇಳಿಸುವುದು

ಮಕ್ಕಳೆಲ್ಲ ಇದ್ದಾಗ 5 ಕಿಲೋವಾಟ್ ಮಾಡಿಸಿದ ದೊಡ್ಡ ಮನೆಯಲ್ಲಿ ಈಗ ಇಬ್ಬರೇ ಇದ್ದಾರೆ. ಗೃಹ ಜ್ಯೋತಿ ಇಲ್ಲದ ತಿಂಗಳು ಒಂದು ದೀಪ ಹಚ್ಚದಿದ್ದರೂ 2025-26ರ ದರದಲ್ಲಿ 725 ರೂಪಾಯಿ ನಿಗದಿತ ಶುಲ್ಕ. 2ಕ್ಕೆ ಇಳಿಸಿದರೆ 290. ಉಪವಿಭಾಗ ಕಚೇರಿಯಲ್ಲಿ ಲೋಡ್ ಕಡಿತಕ್ಕೆ ಅರ್ಜಿ ಕೊಡಿ, ಕೊನೆಯ ಬಿಲ್ ಮತ್ತು ಬಾಕಿ ಇಲ್ಲದ ರಸೀತಿ ಲಗತ್ತಿಸಿ. ಇಳಿಸುವ ಮೊದಲು ಒಟ್ಟಿಗೆ ಓಡುವ ಭಾರದ ಉಪಕರಣಗಳನ್ನು ಕೂಡಿ: 2 ಕಿಲೋವಾಟ್ ಗೀಸರ್ ಇದ್ದಾಗಲೇ ಒಂದು ಎಚ್‌ಪಿ ಮೋಟಾರೂ ಓಡುವುದಾದರೆ 2 ಸಾಲದು, 3 ಇಟ್ಟುಕೊಳ್ಳಿ. ಮಂಜೂರಾತಿಗಿಂತ ಹೆಚ್ಚು ಎಳೆದದ್ದು ಮೀಟರಿನಲ್ಲಿ ದಾಖಲಾಗುತ್ತದೆ, ಅದಕ್ಕೆ ದಂಡವಿದೆ. ಪ್ರತಿ ತಿಂಗಳೂ ಶೂನ್ಯ ಬಿಲ್ಲೇ ಬರುತ್ತಿದ್ದರೆ ಈ ಕೆಲಸಕ್ಕೆ ಆತುರವಿಲ್ಲ.

ಐದನೆಯದು: ಬಾಗಿಲು ಹಾಕಿದ ಮನೆ, ಸಂಶಯದ ಮೀಟರ್

ಕೆಲವು ದಿನ ಮಗಳ ಮನೆಗೆ ಹೋಗಿದ್ದಾಗ ರೀಡರ್ ಬಂದು 'ಡೋರ್ ಲಾಕ್' ಎಂದು ಬರೆದು ಅಂದಾಜಿನ ಬಿಲ್ ಕೊಡುತ್ತಾರೆ. ಮುಂದಿನ ಬಾರಿ ಎರಡು ತಿಂಗಳ ಬಳಕೆ ಒಟ್ಟಿಗೆ ಸಿಕ್ಕಿದಾಗ 200 ದಾಟಿದಂತೆ ಕಾಣಬಹುದು. ಬಿಲ್ಲಿನಲ್ಲಿರುವ ದಿನಗಳನ್ನು ಎಣಿಸಿ. 60 ದಿನಕ್ಕೆ 230 ಎಂದರೆ ತಿಂಗಳಿಗೆ 115. ಹಾಗೆ ಹಂಚಿ ಮರುಲೆಕ್ಕ ಮಾಡಿಕೊಡಿ ಎಂದು ಲಿಖಿತವಾಗಿ ಕೇಳಿ. ಊರಿಗೆ ಹೊರಡುವ ದಿನ ಮತ್ತು ಬಂದ ದಿನ ಮೀಟರಿನ ಫೋಟೊ ತೆಗೆದಿದ್ದರೆ ವಾದಕ್ಕೆ ಬಲ ಬರುತ್ತದೆ. ಮೀಟರ್ ಒಳಗಿದ್ದರೆ ಜಗಲಿಗೆ ಅಥವಾ ಗೇಟಿನ ಬಳಿಗೆ ಸ್ಥಳಾಂತರಿಸಲು ಅರ್ಜಿ ಕೊಡುವುದು ಶಾಶ್ವತ ಪರಿಹಾರ. 2020ರ ವಿದ್ಯುಚ್ಛಕ್ತಿ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ ಒಂದು ಹಣಕಾಸು ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಅಂದಾಜು ಬಿಲ್ ಕೊಡುವಂತಿಲ್ಲ.

ಮೀಟರ್ ಹೆಚ್ಚು ಓಡುತ್ತಿದೆ ಅನ್ನಿಸಿದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ, ಎಷ್ಟೋ ಮೀಟರುಗಳಲ್ಲಿ 3200. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಹತ್ತು ನಿಮಿಷದಲ್ಲಿ ಕೆಂಪು ದೀಪ ಮಿಣುಕಬಾರದು. ಮಿಣುಕಿದರೆ ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವೆ ಸೋರಿಕೆ, ಬೇರೆ ಯಾರದೋ ಎಳೆತ, ಇಲ್ಲವೇ ಮೀಟರಿನದ್ದೇ ದೋಷ. ಮಿಣುಕದಿದ್ದರೆ ಮೇನ್ ಹಾಕಿ, ಎಲ್ಲ ಉಪಕರಣಗಳನ್ನೂ ಫ್ರಿಜ್ ಸೇರಿ ಆರಿಸಿ, ವಾಟ್ ಗೊತ್ತಿರುವ ಒಂದು ಗೀಸರ್ ಮಾತ್ರ ಓಡಿಸಿ ಒಂದು ನಿಮಿಷ ಎಣಿಸಿ. 1,500 ವಾಟಿಗೆ 80 ಮಿಣುಕು, 2,000ಕ್ಕೆ 107 ಬರಬೇಕು. ಇಸ್ತ್ರಿಪೆಟ್ಟಿಗೆ ಬೇಡ, ಅದು ನಡುನಡುವೆ ತಾನೇ ಆರಿಹೋಗಿ ಎಣಿಕೆ ಕೆಡಿಸುತ್ತದೆ. ವೋಲ್ಟೇಜ್ ಕಡಿಮೆ ಇರುವ ಹಳ್ಳಿಯಲ್ಲಿ ಎಣಿಕೆಯೂ ಕಡಿಮೆ ಬರುತ್ತದೆ, 200 ವೋಲ್ಟಿನಲ್ಲಿ 80ರ ಜಾಗಕ್ಕೆ 60. ಅದು ದೋಷವಲ್ಲ. ಲೆಕ್ಕಕ್ಕಿಂತ ಐದರಲ್ಲೊಂದು ಪಾಲು ಹೆಚ್ಚು ಬಂದರೆ ದೂರು ಕೊಡಿ. ಇದೇ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ಬಂದ ತಿದ್ದುಪಡಿಯಂತೆ, ರೀಡಿಂಗ್ ನಿಜವಾದ ಬಳಕೆಗೆ ಹೊಂದುತ್ತಿಲ್ಲ ಎಂದು ದೂರಿತ್ತರೆ ಕಂಪನಿ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ, ಕನಿಷ್ಠ ಮೂರು ತಿಂಗಳು ಎರಡನ್ನೂ ಹೋಲಿಸಿ ನೋಡಬೇಕು.

ಆರನೆಯದು: ಮನೆ ಬಾಗಿಲಿಗೆ ಸೇವೆ, ಮತ್ತು ಕರೆಂಟ್ ಕಟ್ ಬೆದರಿಕೆ

ಹಿರಿಯರ ಹೆಸರೆತ್ತಿ ಹೇಳಿದ ಹಕ್ಕು ಇದೇ 2020ರ ನಿಯಮಗಳಲ್ಲಿದೆ. ಅರ್ಜಿ ಪಡೆಯುವುದು, ಬಿಲ್ ಪಾವತಿ ಮುಂತಾದ ಎಲ್ಲ ಸೇವೆಗಳನ್ನೂ ಹಿರಿಯ ನಾಗರಿಕರಿಗೆ ಅವರ ಮನೆ ಬಾಗಿಲಲ್ಲೇ ಒದಗಿಸಬೇಕು. ಕೌಂಟರಿನಲ್ಲಿ ಬಾಯಿಮಾತಿಗೆ ಕೇಳಿದರೆ ಗೊತ್ತಿಲ್ಲ ಎನ್ನಬಹುದು. ಹೀಗೆ ಬರೆದುಕೊಡಿ: 'ನನ್ನ ವಯಸ್ಸು ಇಷ್ಟು. 2020ರ ಗ್ರಾಹಕರ ಹಕ್ಕುಗಳ ನಿಯಮಗಳಂತೆ ಹೆಸರು ವರ್ಗಾವಣೆ ಅರ್ಜಿಯನ್ನು ನನ್ನ ಮನೆಯಲ್ಲೇ ಪಡೆಯಬೇಕೆಂದು ಕೋರುತ್ತೇನೆ.' ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. 1912ಕ್ಕೂ ಹೇಳಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಬಾಕಿಗೆ ಸಂಪರ್ಕ ಕಡಿಯಬೇಕಾದರೆ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನಂತೆ ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಬೇಕು. ಬಿಲ್ಲೇ ತಪ್ಪು ಎಂಬ ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು 'ಆಕ್ಷೇಪಣೆಗೆ ಒಳಪಟ್ಟು' ಎಂದು ಬರೆದು ಕಟ್ಟಿದರೆ ವಿವಾದ ಮುಗಿಯುವವರೆಗೆ ಕಡಿಯುವಂತಿಲ್ಲ. ಎರಡು ವರ್ಷ ದಾಟಿದ ಹಳೆಯ ಬಾಕಿಯನ್ನು, ನಡುವಿನ ಬಿಲ್ಲುಗಳಲ್ಲಿ ಸತತವಾಗಿ ತೋರಿಸದೆ, ಒಮ್ಮೆಲೇ ತಂದು ವಸೂಲಿ ಮಾಡುವಂತೆಯೂ ಇಲ್ಲ.

'ಇವತ್ತು ರಾತ್ರಿ ಒಂಬತ್ತಕ್ಕೆ ಕರೆಂಟ್ ಕಟ್, ಈ ನಂಬರಿಗೆ ಕರೆ ಮಾಡಿ' ಎಂಬ ಸಂದೇಶ ವಂಚಕರದ್ದು. ಕಂಪನಿ ಹಾಗೆ ಕೆಲಸ ಮಾಡುವುದಿಲ್ಲ. ಹಿರಿಯರಿಗೆ ವಿಶೇಷ ರಿಯಾಯಿತಿ ಮಾಡಿಸುತ್ತೇವೆಂದು ಒಟಿಪಿ ಕೇಳುವವರೂ ಅದೇ ಜಾತಿಯವರು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮಾತು ಕೇಳದಿದ್ದರೆ ಮೇಲಕ್ಕೆ ಹೋಗುವ ಕ್ರಮ ಹೀಗೆ. ಮೊದಲು ಶಾಖಾಧಿಕಾರಿ, ನಂತರ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್, ಅಲ್ಲಿ ನಡೆಯುವ ಜನಸಂಪರ್ಕ ಸಭೆ. ಆಮೇಲೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ಇದು ಅದೇ ಕಾಯ್ದೆಯ 42ನೇ ಕಲಮಿನಡಿ ಇರುವ ವ್ಯವಸ್ಥೆ, ವಕೀಲರ ಅಗತ್ಯವಿಲ್ಲ. ದೂರು ಬಗೆಹರಿಸಲು 2020ರ ನಿಯಮಗಳು ಇಟ್ಟ ಗರಿಷ್ಠ ಕಾಲ 45 ದಿನ. ಅಲ್ಲೂ ನ್ಯಾಯ ಸಿಗದಿದ್ದರೆ ವೇದಿಕೆಯ ಮೇಲಿನ ಮೇಲ್ಮನವಿ ಕೇಳುವ ಬೆಂಗಳೂರಿನ ವಿದ್ಯುತ್ ಓಂಬುಡ್ಸ್‌ಮನ್.

ಏಳನೆಯದು: ಹಿರಿಯರಿಗೆಂದೇ ಕಾನೂನು ಬೇಕೆಂದರೆ

ಇಲ್ಲಿಂದ ಮುಂದಿನದು ಒಬ್ಬರ ಮನೆಯ ಕೆಲಸವಲ್ಲ. ನಿವೃತ್ತ ನೌಕರರ ಸಂಘ, ಹಿರಿಯ ನಾಗರಿಕರ ವೇದಿಕೆ, ಗ್ರಾಮ ಪಂಚಾಯಿತಿ ಕೈಗೆತ್ತಿಕೊಳ್ಳಬೇಕಾದ್ದು.

ಮನವಿಯನ್ನು ಯಾರ ಹೆಸರಿಗೆ ಬರೆಯಬೇಕೆಂಬುದನ್ನು 2003ರ ವಿದ್ಯುಚ್ಛಕ್ತಿ ಕಾಯ್ದೆಯೇ ಹೇಳುತ್ತದೆ. ದರ ನಿಗದಿ ಮಾಡುವುದು ನಿಯಂತ್ರಣ ಆಯೋಗ. ಆದರೆ 62ನೇ ಕಲಮಿನ 3ನೇ ಉಪಕಲಮು ಆಯೋಗದ ಕೈ ಕಟ್ಟಿದೆ. ಗ್ರಾಹಕರ ನಡುವೆ ಭೇದ ಮಾಡಬಹುದಾದ್ದು ಲೋಡ್ ಫ್ಯಾಕ್ಟರ್ (ಲೋಡನ್ನು ಎಷ್ಟರ ಮಟ್ಟಿಗೆ ಬಳಸುತ್ತಾರೆ ಎಂಬುದು), ವೋಲ್ಟೇಜ್, ಬಳಕೆಯ ಪ್ರಮಾಣ, ಬಳಸುವ ಹೊತ್ತು, ಪ್ರದೇಶ, ಪೂರೈಕೆಯ ಬಗೆ ಮತ್ತು ಉದ್ದೇಶ ಇಂಥವುಗಳ ಮೇಲೆ ಮಾತ್ರ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಆದ್ದರಿಂದ 'ಹಿರಿಯರಿಗೆ ಕಡಿಮೆ ದರ ನಿಗದಿ ಮಾಡಿ' ಎಂದು ಆಯೋಗವನ್ನು ಕೇಳಿದರೆ ಅದು ಮನಸ್ಸಿದ್ದರೂ ಕೊಡಲಾರದು. ಸೆಸ್ಕ್, ಮೆಸ್ಕಾಂಗಳಂತೂ ಆಯೋಗ ಹೇಳಿದ ದರಕ್ಕಿಂತ ಒಂದು ಪೈಸೆ ಬಿಡುವಂತಿಲ್ಲ.

ಕೊಡಬಲ್ಲದ್ದು ರಾಜ್ಯ ಸರ್ಕಾರ, 65ನೇ ಕಲಮಿನಡಿ. ಯಾವುದೇ ವರ್ಗದ ಗ್ರಾಹಕರಿಗೆ ಸಬ್ಸಿಡಿ ಕೊಡಲು ಸರ್ಕಾರ ನಿರ್ಧರಿಸಬಹುದು, ಆದರೆ ಆ ಹಣವನ್ನು ಮುಂಗಡವಾಗಿ ಕಂಪನಿಗೆ ತುಂಬಬೇಕು, ತುಂಬದಿದ್ದರೆ ಆದೇಶ ನಡೆಯುವುದಿಲ್ಲ. ಅಂದರೆ ಬಜೆಟ್ಟಿನಲ್ಲಿ ದುಡ್ಡು ಎತ್ತಿಡದ ಭರವಸೆಗೆ ಬೆಲೆಯಿಲ್ಲ. ನಿಮ್ಮ ಮನವಿ ಇಂಧನ ಇಲಾಖೆಗೂ ಹಣಕಾಸು ಇಲಾಖೆಗೂ ಹೋಗಬೇಕಾದ್ದು ಇದಕ್ಕೇ.

ಎರಡನೆಯ ದಾರಿ ತೆರಿಗೆ. ವಿದ್ಯುತ್ ಬಳಕೆಯ ಮೇಲಿನ ತೆರಿಗೆ ಸಂವಿಧಾನದ ರಾಜ್ಯಪಟ್ಟಿಯ 53ನೇ ನಮೂದು, ಪೂರ್ತಿ ರಾಜ್ಯದ ವಿಷಯ. ಶೇ 9 ವಸೂಲಾಗುವುದು ರಾಜ್ಯದ್ದೇ ಆದ 1959ರ ವಿದ್ಯುತ್ ತೆರಿಗೆ ಕಾಯ್ದೆಯಡಿ. ಹಿರಿಯರೇ ಇರುವ ಮನೆಗೆ ವಿನಾಯಿತಿ ಕೊಡುವ ತಿದ್ದುಪಡಿಗೆ ದೆಹಲಿಯನ್ನೂ ಆಯೋಗವನ್ನೂ ಕಾಯಬೇಕಿಲ್ಲ. ಉಳಿಯುವುದು ಸಣ್ಣ ಮೊತ್ತ, ಆದರೆ ಹಿರಿಯರ ಮನೆ ಎಂಬ ವರ್ಗ ಕಾನೂನಿನಲ್ಲಿ ಒಮ್ಮೆ ಬಂದರೆ ಮುಂದಿನ ಬೇಡಿಕೆಗಳಿಗೆ ಅದೇ ಬುನಾದಿ.

ಶಾಸಕರಿಂದ ಖಾಸಗಿ ವಿಧೇಯಕ ಮಂಡಿಸುವ ಯೋಚನೆ ಹಲವರಿಗೆ ಬರುತ್ತದೆ. ಬೊಕ್ಕಸದಿಂದ ಖರ್ಚು ಬೀಳುವ ವಿಧೇಯಕವನ್ನು ರಾಜ್ಯಪಾಲರ ಶಿಫಾರಸಿಲ್ಲದೆ ಸದನ ಅಂಗೀಕರಿಸುವಂತಿಲ್ಲ ಎಂದು ಸಂವಿಧಾನದ 207ನೇ ವಿಧಿ ಹೇಳುತ್ತದೆ. ಹಾಗಾಗಿ ಸಬ್ಸಿಡಿಗೆ ಆ ದಾರಿ ದುರ್ಬಲ. ಶಾಸಕರು ಪ್ರಶ್ನೋತ್ತರದಲ್ಲಿ ಕೇಳುವುದು, ನೀವು ವಿಧಾನಮಂಡಲದ ಅರ್ಜಿಗಳ ಸಮಿತಿಗೆ ಶಾಸಕರ ಮೂಲಕ ಅರ್ಜಿ ಒಯ್ಯುವುದು, ಬಜೆಟ್‌ಗೆ ಎರಡು ಮೂರು ತಿಂಗಳು ಮುಂಚೆ ಮುಖ್ಯಮಂತ್ರಿಯವರಿಗೆ ಮನವಿ ಮುಟ್ಟಿಸುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಮಾರ್ಚಿನಲ್ಲಿ ಕೊಟ್ಟ ಮನವಿ ಒಂದು ವರ್ಷ ಕಾಯುತ್ತದೆ.

ಏನು ಕೇಳಬೇಕು ಎಂಬುದರಲ್ಲಿ ಬಿಗಿಯಾಗಿರಿ. 'ಎಲ್ಲ ಹಿರಿಯರಿಗೂ ಉಚಿತ' ಎಂದರೆ ಹಣಕಾಸು ಇಲಾಖೆ ಮೊದಲ ಸಾಲಿನಲ್ಲೇ ಮುಚ್ಚಿಡುತ್ತದೆ. 200ರ ಗೆರೆ ಸಡಿಲಿಸಿ ಎಂಬುದು ಖರ್ಚು ಕಡಿಮೆ, ಉಪಕಾರ ದೊಡ್ಡದು. ಮನವಿಯ ಒಡಲು ಹೀಗಿರಬಹುದು:

'ಗೃಹ ಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ವಿಧಿಸಲಾಗುತ್ತಿದೆ. ಪಡಿತರ ಚೀಟಿಯಲ್ಲಿರುವ ಎಲ್ಲ ಸದಸ್ಯರೂ 60 ವರ್ಷ ದಾಟಿರುವ ಮನೆಗಳಿಗೆ, ಬಳಕೆ 250 ಯೂನಿಟ್ ಒಳಗಿದ್ದರೆ, ಅರ್ಹ ಮಿತಿಯ ಮೇಲಿನ ಯೂನಿಟ್‌ಗೆ ಮಾತ್ರ ಬಿಲ್ ವಿಧಿಸುವಂತೆ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಮಿನಡಿ ಆದೇಶಿಸಿ, ಮುಂಬರುವ ಬಜೆಟ್‌ನಲ್ಲಿ ಅನುದಾನ ಒದಗಿಸಬೇಕು. ಇಂಥ ಮನೆಗಳಿಗೆ 1959ರ ಕಾಯ್ದೆಯಡಿಯ ವಿದ್ಯುತ್ ತೆರಿಗೆಯಿಂದ ವಿನಾಯಿತಿ ನೀಡಬೇಕು. ವೃದ್ಧಾಪ್ಯದಲ್ಲಿ ಸಾರ್ವಜನಿಕ ನೆರವು ಒದಗಿಸಬೇಕೆಂಬ ಸಂವಿಧಾನದ 41ನೇ ವಿಧಿಯ ಆಶಯಕ್ಕೆ ಇದು ಅನುಗುಣವಾಗಿದೆ.'

ಇದರ ಜೊತೆ 200 ದಾಟಿದ ಹಿರಿಯರ ಮನೆಗಳ ಬಿಲ್ ಪ್ರತಿಗಳನ್ನು ಲಗತ್ತಿಸಿ, ಆಧಾರ್ ಮತ್ತು ಫೋನ್ ನಂಬರ್ ಕಾಣದಂತೆ ಮುಚ್ಚಿ. ಮೇಲೆ ತೋರಿಸಿದ 1,633ರ ಲೆಕ್ಕವನ್ನು ನಿಮ್ಮೂರಿನ ನಿಜವಾದ ಬಿಲ್ಲಿನಿಂದ ಮಾಡಿ ಬರೆಯಿರಿ. ನೂರು ಸಹಿಗಿಂತ ಇಂಥ ಹತ್ತು ಬಿಲ್ ಹೆಚ್ಚು ಮಾತಾಡುತ್ತವೆ.

ಆಯೋಗದ ಮುಂದೆ ಹಿರಿಯರಿಗೆ ಕೆಲಸವೇ ಇಲ್ಲವೆಂದಲ್ಲ. ನಿಗದಿತ ಶುಲ್ಕ ಏರಿಸುವ ಪ್ರಸ್ತಾವಕ್ಕೆ ಕಡಿಮೆ ಬಳಸುವ ಮನೆಗಳ ಪರವಾಗಿ ಆಕ್ಷೇಪಣೆ ಸಲ್ಲಿಸಬಹುದು. ಬಳಕೆಯ ಪ್ರಮಾಣ 62ನೇ ಕಲಮು ಒಪ್ಪುವ ಆಧಾರವಾದ್ದರಿಂದ ಅದನ್ನು ಆಯೋಗ ಕೇಳಲೇಬೇಕು. ಕಂಪನಿಗಳು ದರ ಅರ್ಜಿ ಸಲ್ಲಿಸಿದ ಮೇಲೆ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ದಿನಾಂಕದೊಳಗೆ, ಹೇಳಿದಷ್ಟು ಪ್ರತಿಗಳಲ್ಲಿ, ಬೆಂಗಳೂರಿನ ವಸಂತನಗರದ ಆಯೋಗಕ್ಕೂ ಕಂಪನಿಗೂ ಆಕ್ಷೇಪಣೆ ಕಳುಹಿಸಿ. ವಿಚಾರಣೆಯಲ್ಲಿ ಖುದ್ದಾಗಿ ಮಾತನಾಡುವ ಇಚ್ಛೆಯಿದೆ ಎಂದು ಅದರಲ್ಲೇ ಬರೆಯಿರಿ. ಸೆಸ್ಕ್ ವ್ಯಾಪ್ತಿಯ ಸಾರ್ವಜನಿಕ ವಿಚಾರಣೆ ಮೈಸೂರಿನಲ್ಲಿ, ಮೆಸ್ಕಾಂನದ್ದು ಮಂಗಳೂರಿನಲ್ಲಿ ನಡೆಯುತ್ತದೆ. ಅಲ್ಲಿ ಮನೆ ಬಾಗಿಲ ಸೇವೆ ಜಾರಿಯಾಗಿಲ್ಲವೆಂದು ಮುದ್ರೆ ಬಿದ್ದ ಅರ್ಜಿಯ ಪ್ರತಿ ತೋರಿಸಿ ಹೇಳಿದರೆ ಕಂಪನಿ ಆಯೋಗದ ಎದುರೇ ಉತ್ತರ ಕೊಡಬೇಕಾಗುತ್ತದೆ.

ಮನವಿ ಕೊಟ್ಟು ಎರಡು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಇಂಧನ ಇಲಾಖೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಚೀಟಿ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗಿರಬೇಕು. ಇಷ್ಟೇ ಕೇಳಿ: ಇಂತಿಂಥ ದಿನಾಂಕದ ನಮ್ಮ ಮನವಿಯ ಮೇಲೆ ತೆರೆದ ಕಡತದ ಸಂಖ್ಯೆ, ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ಈಗ ಅದು ಯಾರ ಮೇಜಿನಲ್ಲಿದೆ. 30 ದಿನದಲ್ಲಿ ಉತ್ತರ ಬರಬೇಕು. ಬಂದ ಉತ್ತರದ ಪ್ರತಿಯನ್ನು ನಿಮ್ಮ ಕ್ಷೇತ್ರದ ಶಾಸಕರಿಗೆ ಕೊಟ್ಟು, ಮುಂದಿನ ಅಧಿವೇಶನದ ಪ್ರಶ್ನೆಯಲ್ಲಿ ಅದೇ ಕಡತ ಸಂಖ್ಯೆ ನಮೂದಿಸುವಂತೆ ಕೇಳಿ.